ದಡದಲ್ಲಿ ಬಿಚ್ಚಿಟ್ಟ ವಾಚು

2025ರ ನವೆಂಬರ್ 17, ಸೋಮವಾರ. ಸಂಜೆ ಆರೂ ನಲವತ್ತಕ್ಕೆ ಹೊನ್ನಾಳಿ ಠಾಣೆಯ ಮೆಟ್ಟಿಲು ಹತ್ತಿ ಬಂದವನ ತಲೆಗೂದಲು ಇನ್ನೂ ಒದ್ದೆಯಾಗಿತ್ತು. ಬಲಗೈಯಿಂದ ಎಡ ಮಣಿಕಟ್ಟನ್ನು ಗಾಯ ಮುಚ್ಚಿಕೊಂಡವನಂತೆ ಹಿಡಿದಿದ್ದ. ಗಾಯವೇನೂ ಇರಲಿಲ್ಲ. ವಾಚು ಕಟ್ಟಿ ಕಟ್ಟಿ ಬಿಸಿಲು ಕಾಣದ ಬಿಳಿ ಪಟ್ಟಿಯೊಂದು ಅಲ್ಲಿತ್ತು.

ಹೆಸರು ಮುಖ್ತಾರ್. ವಯಸ್ಸು ಐವತ್ತೆರಡು. ಹೊಳೆದಂಡೆಯ ಓಣಿಯಲ್ಲಿ ತಾಯಿ ರಹಮತ್‌ಬೀ ಜೊತೆ ವಾಸ. ಇಪ್ಪತ್ತೈದು ವರ್ಷ ಮುಂಬೈ ಕಡಲಿನ ಎಣ್ಣೆಬಾವಿಗಳಲ್ಲಿ ಮುಳುಗುಗಾರನಾಗಿದ್ದು, ನೀರಿನಡಿಯಲ್ಲಿ ಕೊಳವೆ ಬೆಸೆಯುವ ಕೆಲಸ ಮಾಡಿ, ಎಡಗಿವಿ ಪೂರ್ತಿ ಕೇಳದಂತಾದ ಮೇಲೆ ಊರಿಗೆ ಮರಳಿದವನು. ಕೆಲಸ ಬಿಡುವ ದಿನ ಹಡಗಿನವರು ಅವನಿಗೊಂದು ಸ್ವಿಸ್ ವಾಚು ಕೊಟ್ಟಿದ್ದರು. ಆ ವಾಚು ಇವತ್ತು ಮಧ್ಯಾಹ್ನ ತುಂಗಭದ್ರೆಯ ದಡದಲ್ಲಿ ಕಳುವಾಗಿದೆ ಎಂಬುದು ದೂರು.

ಹೆಡ್ ಕಾನ್‌ಸ್ಟೆಬಲ್ ಮರುಳಸಿದ್ದಪ್ಪ ಬರೆದುಕೊಳ್ಳುತ್ತಿದ್ದರು. ವಾಚಿನ ಬೆಲೆ ಎಷ್ಟು ಎಂದು ಕೇಳಿದರು. ಮುಖ್ತಾರ್ ಹೇಳಿದ. ಪೆನ್ನು ನಿಂತಿತು. ಇನ್ನೊಂದು ಸಲ ಹೇಳಿಸಿಕೊಂಡರು. ಆಮೇಲೆ ತಮ್ಮ ಮದುವೆಯಲ್ಲಿ ಮಾವ ಕೊಟ್ಟಿದ್ದ ವಾಚಿನ ಮೇಲೆ ಅಂಗಿಯ ತೋಳನ್ನು ಮೆಲ್ಲಗೆ ಎಳೆದುಕೊಂಡರು.

"ಅಷ್ಟು ದುಡ್ಡಿಗೆ ಅದು ಏನೇನು ಮಾಡ್ತದಪ್ಪ? ಅನ್ನ ಬಸೀತದಾ?"

"ಟೈಮ್ ತೋರಿಸ್ತದೆ ಸಾರ್. ಹನ್ನೆರಡು ಸಾವಿರ ಅಡಿ ಕೆಳಗೆ ಸೈತ ಒಂದು ಹನಿ ನೀರು ಒಳಗೆ ಬಿಡಂಗಿಲ್ಲ. ಡಯಲ್ ಮೇಲೇ ಬರೆದೈತೆ."

ಮುಖ್ತಾರ್ ಉಳಿದದ್ದನ್ನೂ ವಿವರಿಸಿದ. ಅದಕ್ಕೆ ಬ್ಯಾಟರಿ ಇಲ್ಲ, ಕೀ ಕೊಡಬೇಕಿಲ್ಲ, ಕಟ್ಟಿಕೊಂಡವನ ಕೈ ಆಡಿದರೆ ಅದೇ ಓಡುತ್ತದೆ. ಬಿಚ್ಚಿ ಸುಮ್ಮನೆ ಇಟ್ಟರೆ ಎರಡು ಮೂರು ದಿನಕ್ಕೆ ನಿಲ್ಲುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇದೆ. ಕಡಲೊಳಗೆ ವಾರಗಟ್ಟಲೆ ಉಕ್ಕಿನ ಕೋಣೆಯಲ್ಲಿ ಬದುಕುವವರು ಉಸಿರಾಡುವ ಗಾಳಿ ಬೇರೆ, ಅದು ವಾಚಿನೊಳಗೂ ಸೇರುತ್ತದೆ. ಮೇಲೆ ಬರುವಾಗ ಅದನ್ನು ಹೊರಗೆ ಬಿಡದಿದ್ದರೆ ಗಾಜು ಸಿಡಿದು ಹೋಗುತ್ತದೆ.

"ಗಾಳಿ ಬಿಡೋ ವಾಚು," ಎಂದರು ಮರುಳಸಿದ್ದಪ್ಪ. ಬಾಗಿಲಲ್ಲಿ ನಿಂತ ಕಾನ್‌ಸ್ಟೆಬಲ್ ನಕ್ಕ. ಮುಖ್ತಾರ್ ನಗಲಿಲ್ಲ.

ಪಿಎಸ್‌ಐ ಸುನೀತಾ ಒಳಗಿನ ಕೋಣೆಯಿಂದ ಎದ್ದು ಬಂದು ಎದುರಿಗೆ ಕೂತರು. ಘಟನೆಯನ್ನು ಮೊದಲಿಂದ ಹೇಳಿಸಿದರು. ಭಾನುವಾರ ನ್ಯಾಮತಿಯ ವಿನಯ್ ಕುಮಾರ್ ಎಂಬ ಹುಡುಗ ಗೆಳೆಯರೊಡನೆ ಈಜಲು ಬಂದು ಮಡುವಿನಲ್ಲಿ ಮುಳುಗಿದ್ದ. ಇಂಥ ಸಂದರ್ಭದಲ್ಲಿ ಹೊನ್ನಾಳಿಯಲ್ಲಿ ಎಲ್ಲರೂ ಹೋಗುವುದು ಅಂಬಿಗರ ನಿಂಗರಾಜನ ಮನೆಗೆ. ಮೂವತ್ತು ವರ್ಷದಿಂದ ಹೊಳೆಯ ಹೆಣ ತೆಗೆಯುವವನು ಅವನೇ. ಆದರೆ ಈ ಸಲ ಹುಡುಗನ ಮನೆಯವರು ಯಾರೋ ಹೇಳಿದ್ದು ಕೇಳಿ ನೇರವಾಗಿ 'ಬಾಂಬೆ ಮುಳುಗುಗಾರ' ಮುಖ್ತಾರನ ಬಾಗಿಲಿಗೆ ಬಂದಿದ್ದರು. ಮುಖ್ತಾರ್ ನೀರಿಗಿಳಿದ. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ದಡದಲ್ಲಿ ಹಿಡಿದದ್ದು ನಿಂಗರಾಜ್. ಎರಡನೇ ಮುಳುಗಿಗೆ ಹೆಣ ಸಿಕ್ಕಿತು. ಮೇಲೆ ಬಂದು ನೋಡಿದರೆ ಹೊಂಗೆ ಮರದ ಬುಡದಲ್ಲಿ ಅಂಗಿ ಇತ್ತು, ಅಂಗಿಯೊಳಗೆ ಸುತ್ತಿಟ್ಟಿದ್ದ ವಾಚು ಇರಲಿಲ್ಲ.

"ನೀರೊಳಗೆ ಬೇರೆ ಏನಾದ್ರೂ ಆಯ್ತಾ?"

"ಏನಿಲ್ಲ ಮೇಡಂ. ಎರಡನೇ ಸಲ ಕೆಳಗಿದ್ದಾಗ ಹಗ್ಗ ಒಂದು ಸಲ ಜಗ್ಗಿದೆ. ಮ್ಯಾಲಿಂದ ಉತ್ತರ ಬರಲಿಲ್ಲ. ಸೆಳವಿಗೆ ಗೊತ್ತಾಗಿರಲಿಕ್ಕಿಲ್ಲ ಬಿಡು ಅಂದ್ಕಂಡೆ."

ಇದು ಕಳವಿಗೆ ಸಂಬಂಧಪಟ್ಟ ಮಾತಲ್ಲವೆಂದು ಮರುಳಸಿದ್ದಪ್ಪ ಬರೆಯಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. ಪ್ರತಿಯನ್ನು ಮಡಚಿಕೊಂಡ ಮುಖ್ತಾರ್ ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದ.

"ಬೆಲೆ ಬಿಡ್ರಿ ಮೇಡಂ. ಒಂದು ಕಿವಿ ಕೊಟ್ಟು ತಗಂಡಿದ್ದು ಅದು."

ಮರುದಿನ ಬೆಳಿಗ್ಗೆ ಎಂಟೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಹೊಂಗೆ ಮರದಿಂದ ನೀರಿನಂಚಿಗೆ ಹತ್ತು ಹೆಜ್ಜೆಯೂ ಇಲ್ಲ. ಹಿಂದಿನ ದಿನ ಜಾತ್ರೆಯಂತೆ ಜನ ಸೇರಿದ್ದ ಮರಳಿನಲ್ಲಿ ಹೆಜ್ಜೆಗುರುತು ಹುಡುಕುವುದರಲ್ಲಿ ಅರ್ಥವಿರಲಿಲ್ಲ. ಸುನೀತಾ ಜನರನ್ನು ಮಾತಾಡಿಸಿದರು. ವಾಚು ತೆಗೆದವರನ್ನು ಯಾರೂ ಕಂಡಿರಲಿಲ್ಲ. ವಾಚನ್ನು ಮಾತ್ರ ಎಲ್ಲರೂ ಕಂಡಿದ್ದರು. ಚಹಾ ಅಂಗಡಿಯವನು ಅದರ ಹಸಿರು ಬೆಳಕಿನ ಮುಳ್ಳುಗಳನ್ನು ವರ್ಣಿಸಿದ. ಮೀನು ಮಾರುವವಳು, ಮುಖ್ತಾರ್ ಮೀನು ಆರಿಸುವಾಗ ಬೇಕಂತಲೇ ಎಡಗೈ ಮುಂದೆ ಚಾಚುತ್ತಿದ್ದ ಎಂದಳು. ಆಟೋದವನೊಬ್ಬ ಅಂಥದೇ ನಕಲಿ ತರಿಸಿ ಕಟ್ಟಿಕೊಂಡು, ಮೊದಲ ಮಳೆಗೇ ಅದು ಮಬ್ಬಾಗಿ, ಆಮೇಲೆ ಮುಖ್ತಾರನ ಜೊತೆ ಮಾತು ಬಿಟ್ಟಿದ್ದನಂತೆ. ಅವನ ಗಾಡಿಯನ್ನೂ ಮನೆಯನ್ನೂ ನೋಡಿದ್ದಾಯಿತು. ಮಬ್ಬಾದ ವಾಚು ಸಿಕ್ಕಿತು, ಅಷ್ಟೆ.

ಎಲ್ಲರ ಮಾತಿನಲ್ಲೂ ಒಂದೇ ಎಳೆ ಇರುವುದನ್ನು ಸುನೀತಾ ಗಮನಿಸಿದರು. ಅದೇನೆಂದು ಹೇಳಿಕೊಡಬೇಕಾಗಿರಲಿಲ್ಲ. ಜೊತೆಗೆ ತರಬೇತಿ ಪಡೆದ ಗೆಳತಿಗೆ ತನಗಿಂತ ಮೊದಲು ಬಡ್ತಿ ಬಂದ ದಿನ ಅಭಿನಂದನೆಯ ಸಂದೇಶ ಬರೆದು, ಕಳಿಸದೆ ಸಂಜೆಯವರೆಗೆ ಇಟ್ಟುಕೊಂಡಿದ್ದವರು ಅವರು.

ನಿಂಗರಾಜ್ ತನ್ನ ಮನೆಯ ಮುಂದೆ ಹಗ್ಗ ಒಣಗಹಾಕುತ್ತಿದ್ದ. ಐವತ್ತರ ಆಸುಪಾಸು, ಗಟ್ಟಿ ಮೈ, ಎರಡೂ ಕಿವಿಯಲ್ಲಿ ಹತ್ತಿ. ತಣ್ಣೀರಿಗೆ ಕಿವಿ ಸೋರುತ್ತದೆಂದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಲ್ಲಿ ಅದ್ದಿ ಇಟ್ಟುಕೊಳ್ಳುವುದು ಅವನ ರೂಢಿ. ವಾಸನೆ ಜೀಪಿನವರೆಗೆ ಬರುತ್ತಿತ್ತು.

"ಅಂಗಿ ಇಟ್ಟ ಜಾಗಕ್ಕೆ ಹತ್ತಿರ ಇದ್ದೋನು ನೀನೇ. ಯಾರು ಬಂದ್ರು?"

"ನೋಡಿಲ್ಲ ಮೇಡಂ."

"ಅಷ್ಟು ಹತ್ತಿರ ಇದ್ದು?"

"ನಾನು ಹಗ್ಗ ಹಿಡ್ಕಂಡಿದ್ದೆ. ಹಗ್ಗ ಹಿಡಿದೋನ ಕಣ್ಣು ನೀರು ಬಿಟ್ಟು ಆ ಕಡೆ ಈ ಕಡೆ ಹೋಗಂಗಿಲ್ಲ. ನಮ್ಮಪ್ಪ ಕಲಿಸಿದ್ದು ಅದು."

ಹೆಣವನ್ನು ಹೆಗಲು ಕೊಟ್ಟು ಮೇಲೆ ತಂದವನು ಅವನೇ ಎಂದು ದಡದಲ್ಲಿದ್ದವರೆಲ್ಲ ಹೇಳಿದ್ದರು. ಜೀಪು ಹತ್ತುತ್ತಾ ಮರುಳಸಿದ್ದಪ್ಪ, ತಾನು ಸೇವೆಗೆ ಸೇರಿದಾಗಿಂದ ಈ ಮನುಷ್ಯ ಠಾಣೆಗೆ ಇಲ್ಲವೆಂದಿದ್ದೇ ಇಲ್ಲ, ಹಬ್ಬದ ದಿನ ಕರೆದರೂ ಊಟದ ಎಲೆ ಬಿಟ್ಟು ಎದ್ದು ಬಂದಿದ್ದಾನೆ ಎಂದರು. ಅವರ ಅನುಮಾನ ಬೇರೆ ಕಡೆ ಇತ್ತು.

"ಆ ಮುಖ್ತಾರನೇ ಬಚ್ಚಿಟ್ಟಿರ್ತಾನೆ ಮೇಡಂ. ಇನ್ಶೂರೆನ್ಸ್ ಇರ್ತದೆ. ಇಲ್ಲಾಂದ್ರೆ ಹೇಳ್ರಿ, ನೀರಿಗೇ ಅಂತ ಮಾಡಿರೋ ವಾಚನ್ನ ನೀರಿಗಿಳಿಯಾಕೆ ಮುಂಚೆ ಯಾರು ಬಿಚ್ಚಿಡ್ತಾರೆ?"

ಪ್ರಶ್ನೆ ಸರಿಯಾಗಿತ್ತು. ಮನೆಯಲ್ಲಿ ಅಜ್ಜ ಪದ್ಯ ಓದುವುದನ್ನು ಕೇಳುತ್ತಾ ಬೆಳೆದ ಸುನೀತಾಗೆ, ಓದುವವನು ಎಲ್ಲಿ ತಡೆದು ನಿಂತ ಎಂಬುದು ಏನು ಓದಿದ ಎಂಬುದಕ್ಕಿಂತ ಹೆಚ್ಚು ಹೊತ್ತು ನೆನಪಿರುತ್ತಿತ್ತು. ಹಗ್ಗಕ್ಕೆ ಉತ್ತರ ಬರಲಿಲ್ಲವೆಂಬಲ್ಲಿ ಮುಖ್ತಾರ್ ತಡೆದದ್ದು ಈಗಲೂ ಮನಸ್ಸಿನಲ್ಲಿತ್ತು. ವಾಚಿಗೆ ವಿಮೆ ಇರಲಿಲ್ಲವೆಂದು ಸಂಜೆಯೊಳಗೆ ಖಚಿತವಾಯಿತು. ಸುತ್ತಲಿನ ತಾಲ್ಲೂಕುಗಳ ವಾಚು ಅಂಗಡಿಗಳಿಗೆ ವಿವರ ಹೋಯಿತು.

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಚನ್ನಗಿರಿಯಿಂದ ಕರೆ ಬಂತು. ಬಸ್‌ಸ್ಟ್ಯಾಂಡ್ ಹತ್ತಿರ ವಾಚು ರಿಪೇರಿ ಮಾಡುವ ಮತೀನ್. ಸುನೀತಾ ಮತ್ತು ಮರುಳಸಿದ್ದಪ್ಪ ಅಲ್ಲಿಗೆ ಹೋದರು.

ಮಂಗಳವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮುಖಕ್ಕೆ ಟವೆಲ್ ಸುತ್ತಿದ ಒಬ್ಬ ಆ ವಾಚನ್ನು ತಂದಿದ್ದನಂತೆ. ಮಾರಲು ಅಲ್ಲ. ಬೆಲೆ ಸಹ ಕೇಳಲಿಲ್ಲ. ಡಯಲ್ ಮೇಲಿನ ಹನ್ನೆರಡು ಸಾವಿರ ಅಡಿ ನಿಜವೋ ಶೋಕಿಗೆ ಬರೆದದ್ದೋ ಎಂದು ಕೇಳಿದ. ಇದರೊಳಗೆ ನೀರು ಹೋಗಬೇಕಾದರೆ ಏನಾಗಬೇಕು ಎಂದು ಕೇಳಿದ.

"ನೀನೇನು ಹೇಳಿದೆ?"

"ತಿರುಪು ಬಿಚ್ಚಿದ್ರೆ ಬಕೆಟ್ ನೀರೂ ಹೋಗ್ತದೆ, ಬಿಗಿ ಇದ್ರೆ ಸಮುದ್ರನೂ ಹೋಗಂಗಿಲ್ಲ ಅಂದೆ. ಬಿಚ್ಚಬಾರದು, ಹಂಗೇ ಹೋಗಬೇಕು ಅಂದ. ಅಷ್ಟು ಆಳದ ನೀರು ನಮ್ಮ ಕಡೆ ಎಲ್ಲೈತಪ್ಪ, ಸೂಳೆಕೆರೆಯೇ ಇದಕ್ಕೆ ಬೋಸಿ ನೀರಿದ್ದಂಗೆ, ಬೇಕಾದ್ರೆ ಜಗಳೂರು ಬೋರ್‌ವೆಲ್‌ಗೆ ಇಳಿಬಿಡು ಅಂತ ತಮಾಷೆ ಮಾಡಿದೆ. ಅವ್ನು ನಗಲಿಲ್ಲ."

"ಪೊಲೀಸ್‌ಗೆ ಆವಾಗ್ಲೇ ಯಾಕೆ ಫೋನ್ ಮಾಡಲಿಲ್ಲ?"

ಮತೀನ್ ತನ್ನ ಕಣ್ಣಿನ ಭೂತಗನ್ನಡಿಯನ್ನು ತೆಗೆದು ಒರೆಸಿದ. ಆ ವಾಚನ್ನು ಒಂದು ನಿಮಿಷ ಅಂಗೈಯಲ್ಲಿ ಇಟ್ಟುಕೊಂಡಿದ್ದೆ, ಆಮೇಲೆ ಇಡೀ ದಿನ ಬೇರೆ ಯಾವ ವಾಚೂ ಮುಟ್ಟಲು ಮನಸ್ಸಾಗಲಿಲ್ಲ, ಅದು ಇನ್ನೊಮ್ಮೆ ಬರಬಹುದೆಂದು ಕಾದೆ ಎಂದ. ಮುಖ ಗುರುತಿಸಲಾರೆ. ಒಂದು ಮಾತ್ರ ನೆನಪಿದೆ. ಆ ಮನುಷ್ಯ ವಾಚನ್ನು ಕೈಗೆ ಕಟ್ಟಲಿಲ್ಲ. ಕಿವಿಗೆ ಹಿಡಿದ. ಹಿಡಿಯುವ ಮುಂಚೆ ಕಿವಿಯಿಂದ ಹತ್ತಿ ತೆಗೆದ. ಅಂಗಡಿ ತುಂಬ ಬೆಳ್ಳುಳ್ಳಿ ಎಣ್ಣೆಯ ವಾಸನೆ.

ಮರುಳಸಿದ್ದಪ್ಪ ಹೊರಗೆ ಬಂದು ಜೀಪಿನ ಬಾನೆಟ್ ಮೇಲೆ ಕೈಯಿಟ್ಟು ನಿಂತರು. ಊರಲ್ಲಿ ಕಿವಿ ನೋವಿನವರು ಎಷ್ಟು ಜನ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ವಾಪಸು ಬರುವಾಗ ಸುನೀತಾ ನ್ಯಾಮತಿಗೆ ತಿರುಗಿಸಲು ಹೇಳಿದರು. ತೀರಿಕೊಂಡ ವಿನಯ್ ಕುಮಾರನ ಗೆಳೆಯನೊಬ್ಬ ಹೆಣ ಹುಡುಕುವುದನ್ನು ಫೋನಿನಲ್ಲಿ ವಿಡಿಯೊ ಮಾಡಿದ್ದ. ಅದನ್ನು ನೋಡಲು ಅವನಿಗೇ ಧೈರ್ಯವಿರಲಿಲ್ಲ. ಫೋನನ್ನು ಕೈಗೆ ಕೊಟ್ಟು ಬೇರೆ ಕಡೆ ತಿರುಗಿ ನಿಂತ.

ವಿಡಿಯೊದಲ್ಲಿ ದಡದ ಜನರೆಲ್ಲ ನೀರನ್ನೇ ನೋಡುತ್ತಿದ್ದರು. ಮೊದಲು ಹಗ್ಗ ನಿಂಗರಾಜನ ಕೈಯಲ್ಲಿತ್ತು. ಕ್ಯಾಮೆರಾ ಹೊಳೆಯ ಕಡೆ ಹೋಗಿ ಮರಳಿ ಬಂದಾಗ ಹಗ್ಗ ಕೆಂಪು ಅಂಗಿಯ ಒಬ್ಬ ಅಪರಿಚಿತನ ಕೈಯಲ್ಲಿತ್ತು. ಅವನು ಅದನ್ನು ಎಮ್ಮೆಯ ಹಗ್ಗದ ಹಾಗೆ ಸಡಿಲವಾಗಿ ಹಿಡಿದು ಬಾಯಿ ತೆರೆದು ನಿಂತಿದ್ದ. ಮುಖ್ತಾರ್ ಇನ್ನೂ ನೀರಿನೊಳಗಿದ್ದ. ನಿಂಗರಾಜ್ ಚಿತ್ರದಲ್ಲಿ ಇರಲಿಲ್ಲ. ಹೆಣದ ಜೊತೆ ಮುಖ್ತಾರನ ತಲೆ ಮೇಲೆ ಬಂದ ಮೇಲೆ ಮತ್ತೆ ಕಾಣಿಸಿಕೊಂಡ.

ಸುನೀತಾ ಮುಖ್ತಾರನಿಗೆ ಫೋನ್ ಮಾಡಿದರು.

"ಹಗ್ಗ ಜಗ್ಗಿದೆ ಅಂದ್ರಲ್ಲ. ಉತ್ತರ ಅಂದ್ರೆ ಏನು?"

ಕೆಳಗಿನಿಂದ ಒಂದು ಸಲ ಜಗ್ಗಿದರೆ 'ಇದೀಯಾ' ಎಂದು. ಮೇಲಿನಿಂದ ಎರಡು ಸಲ ಜಗ್ಗಿದರೆ 'ಇದೀನಿ' ಎಂದು. ನಿಂಗರಾಜನ ಅಪ್ಪ ದುರುಗಪ್ಪಜ್ಜ ಇಬ್ಬರಿಗೂ ಒಟ್ಟಿಗೆ ಕಲಿಸಿದ್ದು. ಇಬ್ಬರೂ ಹತ್ತು ವರ್ಷದ ಹುಡುಗರಿದ್ದಾಗ.

"ವಾಚು ಯಾಕೆ ಬಿಚ್ಚಿದ್ರಿ?"

"ಹೆಣಕ್ಕೆ ಹೋಗುವಾಗ ಮೈಮೇಲೆ ಏನೂ ಇರಬಾರದು ಮೇಡಂ. ಉಂಗುರ, ತಾಯತ, ಉಡಿದಾರ ಸೈತ ಬಿಚ್ಚಬೇಕು. ಬಲೆ ಬೇರು ಸಿಕ್ಕಾಕ್ಕಂತವೆ. ಅಜ್ಜ ಹೇಳಿದ್ದು. ಕಡಲಲ್ಲಿ ಏನಾದ್ರೂ ಮಾಡ್ಲಿ, ಈ ಹೊಳೆಯಾಗೆ ನಾನು ಅದನ್ನ ಮೀರಂಗಿಲ್ಲ."

"ನೀವು ಬಿಚ್ಚೇ ಬಿಚ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ಅದಕ್ಕೆ ಹೆಸರು ಹೇಳದೆ ಮುಖ್ತಾರ್ ಬೇರೊಂದು ವಿಷಯ ಹೇಳಿದ. ತಿಂಗಳ ಹಿಂದೆ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ನಿಂಗರಾಜ್ ಆ ವಾಚು ಕಟ್ಟಿಕೊಂಡು ನೋಡಲು ಕೇಳಿದ್ದ. ಒಂದು ದಿನ ಕೊಡು, ಹೊಳೆಗೆ ಇಳಿದು ನೋಡುತ್ತೇನೆ ಎಂದಿದ್ದ. ಮುಖ್ತಾರ್ ತಮಾಷೆಗೆ ಒಂದು ಮಾತು ಅಂದಿದ್ದ. ನಿನ್ನ ಹೊಳೆ ಇದಕ್ಕೆ ಬಚ್ಚಲು ಕಣಲೇ, ಬಚ್ಚಲಿಗೆ ಇಳಿಯೋರಿಗೆ ಇದು ಯಾಕೆ? ಎಲ್ಲರೂ ನಕ್ಕಿದ್ದರು. ನಿಂಗರಾಜನೂ ನಕ್ಕಿದ್ದ.

ಗುರುವಾರ ಬೆಳಿಗ್ಗೆ ಏಳಕ್ಕೆ ನಿಂಗರಾಜನ ಮನೆಯಲ್ಲಿ ಇದ್ದದ್ದು ಹೆಂಡತಿ ಚೌಡಮ್ಮ ಒಬ್ಬಳೇ. ಗಂಡ ಮಂಗಳವಾರ ಮಧ್ಯಾಹ್ನ ಹೋದವನು ಬಂದಿಲ್ಲ, ಜಗಳೂರು ಕಡೆ ನನ್ನ ತಮ್ಮ ಮುತ್ತುರಾಜನ ಹೊಲದಲ್ಲಿದ್ದಾನೆ ಎಂದಳು. ಮುತ್ತುರಾಜ್ ಬೋರ್‌ವೆಲ್‌ನಿಂದ ಮೋಟಾರು ಎತ್ತುವ ಕೆಲಸದವನು.

"ಆ ಮುಖ್ತಾರಣ್ಣ ಊರಿಗೆ ಬಂದಾಗಿಂದ ಇವ್ರು ಸರಿಯಾಗಿ ಉಂಡಿಲ್ಲ ಮೇಡಂ. ಅನ್ನ ಕಲಿಸ್ಕಂತಾ ತಮ್ಮ ಖಾಲಿ ಮಣಿಕಟ್ಟು ನೋಡ್ಕಂತಾ ಕೂರ್ತಾರೆ. ಮೊನ್ನೆ ಆ ಹುಡುಗನ ಮನೆಯೋರು ನಮ್ಮ ಬಾಗಿಲು ದಾಟಿ ಆ ಕಡೆ ಹೋದ್ರಲ್ಲ, ಇವ್ರು ಹೊಸಲು ಮೇಲೇ ನಿಂತಿದ್ರು. ಟವೆಲ್ ಹೆಗಲ ಮೇಲೆ ಹಾಕ್ಕಂಡು ರೆಡಿಯಾಗಿ ನಿಂತಿದ್ರು."

ಹನ್ನೊಂದಕ್ಕೆ ಜೀಪು ಜಗಳೂರು ದಾಟಿತು. ಸ್ಥಳೀಯ ಠಾಣೆಗೆ ತಿಳಿಸಿ ಇಬ್ಬರು ಪಂಚರನ್ನು ಕರೆದುಕೊಂಡಾಗಿತ್ತು. ಮೆಕ್ಕೆಜೋಳ ಕೊಯ್ದ ಕೂಳೆಯ ಹೊಲ. ನಡುವೆ ಮೋಟಾರು ಎತ್ತಿ ಬಾಯಿ ತೆರೆದುಬಿಟ್ಟಿದ್ದ ಒಂದು ಬೋರ್‌ವೆಲ್. ಅದರ ಪಕ್ಕದಲ್ಲಿ ನಿಂಗರಾಜ್ ಮಂಡಿಯೂರಿ ಕೂತಿದ್ದ. ಬಲ ಅಂಗೈಗೆ ಸುತ್ತಿದ ನೈಲಾನ್ ಹಗ್ಗ ಕೊಳವೆಯೊಳಗೆ ಇಳಿದಿತ್ತು. ಕಣ್ಣು ಆ ಕಪ್ಪು ಬಾಯಿಯ ಮೇಲೆಯೇ ಇತ್ತು. ಜೀಪಿನ ಸದ್ದಿಗೂ ತಿರುಗಲಿಲ್ಲ.

ಮರುಳಸಿದ್ದಪ್ಪ ಹತ್ತಿರ ಹೋಗಿ ನಿಂತರು. "ನಿಂಗ," ಎಂದರು.

"ಎಷ್ಟು ಆಳ ಬಿಟ್ಟಿದೀಯ?" ಸುನೀತಾ ಕೇಳಿದರು.

"ಎಂಟುನೂರು ಅಡಿ ಮೇಡಂ. ಅದಕ್ಕಿಂತ ಹಗ್ಗ ಇಲ್ಲ."

"ಎತ್ತು."

ಕಾನ್‌ಸ್ಟೆಬಲ್ ಹಗ್ಗಕ್ಕೆ ಕೈ ಹಾಕಿದ. ನಿಂಗರಾಜ್ ಬಿಡಲಿಲ್ಲ. "ನಾನೇ ಎತ್ತತೀನಿ. ಜಗ್ಗಿದ್ರೆ ಪೈಪಿಗೆ ಬಡಿದು ಗಾಜು ಹೋಗ್ತದೆ."

ಮೊಳ ಮೊಳವಾಗಿ ಹಗ್ಗ ಮೇಲೆ ಬಂತು. ಮೊದಲು ಒಣಗಿದ್ದು, ಆಮೇಲೆ ಒದ್ದೆ. ಪಂಚರಲ್ಲೊಬ್ಬ ಬೀಡಿ ಹಚ್ಚಲು ಹೋಗಿ ಸುಮ್ಮನಾದ. ಕೊನೆಗೆ ಒಂದು ಕಲ್ಲು, ಕಲ್ಲಿನ ಮೇಲೆ ಕಟ್ಟಿದ ವಾಚು. ಸುನೀತಾ ಕರ್ಚೀಫಿನಿಂದ ಹಿಡಿದು ಬಿಸಿಲಿಗೆ ತಿರುಗಿಸಿದರು. ಗಾಜಿನ ಮೇಲೆ ಹೊರಗಿನ ನೀರು ಹನಿಯುತ್ತಿತ್ತು. ಒಳಗೆ ಮಬ್ಬಿನ ಒಂದು ಚುಕ್ಕೆಯೂ ಇರಲಿಲ್ಲ. ಸೆಕೆಂಡಿನ ಮುಳ್ಳು ಯಾವ ಅವಸರವೂ ಇಲ್ಲದೆ ಸುತ್ತುತ್ತಿತ್ತು.

"ಎಷ್ಟು ಸಲ ಎತ್ತಿ ನೋಡಿದೆ?"

"ಲೆಕ್ಕ ಇಟ್ಟಿಲ್ಲ. ಎತ್ತೋದು, ನೋಡೋದು, ಇಳಿಬಿಡೋದು. ಒಂದ್ಸಲನಾದ್ರೂ ನಿಂತಿರ್ತದೆ ಅಂತ."

ಕದಲಿಸದೆ ಇಟ್ಟರೆ ಅದು ತಾನಾಗಿಯೇ ನಿಲ್ಲುತ್ತಿತ್ತು ಎಂದು ಸುನೀತಾ ಅವನಿಗೆ ಹೇಳಲಿಲ್ಲ. ಎರಡು ದಿನ ಹಗಲೂ ರಾತ್ರಿ ಎತ್ತಿ ಇಳಿಸಿ ಅದನ್ನು ಓಡಿಸಿದವನು ಅವನೇ ಆಗಿದ್ದ.

"ಹಾಳು ಮಾಡಬೇಕಂದ್ರೆ ಒಂದು ಕಲ್ಲು ಸಾಕಿತ್ತಲ್ಲ?"

"ಕಲ್ಲಲ್ಲಿ ಕುಟ್ಟಿದ್ರೆ ಸೋಲೋದು ನಾನು ಮೇಡಂ. ನೀರೇ ಅದನ್ನ ಸೋಲಿಸಬೇಕಾಗಿತ್ತು. ನೀರು ಹೊಕ್ಕ ವಾಚು ತಗಂಡೋಗಿ ಅದೇ ಹೋಟೆಲ್‌ನಾಗೆ, ಅದೇ ಟೇಬಲ್ ಮೇಲೆ ಇಡಬೇಕು ಅಂತಿದ್ದೆ. ಮೂವತ್ತು ವರ್ಷ ಆ ಹೊಳೇಲಿ ಎಷ್ಟು ಮನೆಯೋರ ಮಕ್ಕಳನ್ನ ಎತ್ತಿಕೊಟ್ಟೀನಿ. ಯಾರೂ ಒಂದು ದಾರ ಕಟ್ಟಿಲ್ಲ ನನ್ನ ಕೈಗೆ. ಅವ್ನು ಎಲ್ಲೋ ಹೋಗಿ ಬಂದ. ಬಂದು ಬಚ್ಚಲು ಅಂದ."

ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ವಾಚು ಒಂದು, ಕಲ್ಲು ಒಂದು, ಹಗ್ಗ. ಬಂಧನದ ಕಾರಣವನ್ನು ಓದಿ ಹೇಳಿ ಸಹಿ ಪಡೆದು, ಚೌಡಮ್ಮನಿಗೆ ಫೋನಿನಲ್ಲಿ ತಿಳಿಸಲಾಯಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಉಂಡಿದ್ದಾರಾ ಎಂದು. ದಾರಿಯಲ್ಲಿ ಮರುಳಸಿದ್ದಪ್ಪ ಜೀಪು ನಿಲ್ಲಿಸಿ ಅವನಿಗೆ ಊಟ ಕೊಡಿಸಿದರು.

ಸಂಜೆ ವಾಚು ಗುರುತಿಸಲು ಮುಖ್ತಾರನನ್ನು ಠಾಣೆಗೆ ಕರೆಸಲಾಯಿತು. ತನ್ನದೇ ಎಂದು ಹೇಳಿ ಸಹಿ ಹಾಕಿದ. ಕೋರ್ಟಿನಿಂದ ಬಿಡಿಸಿಕೊಳ್ಳುವವರೆಗೆ ಅದು ಪ್ರಕರಣದ ಸೊತ್ತು, ಮುದ್ದೆಮಾಲು ಎಂದು ತಿಳಿಸಿದಾಗ ತಲೆಯಾಡಿಸಿದ. ವಾಚು ಎಲ್ಲಿತ್ತು ಎಂದು ಕೇಳಿದ. ಸುನೀತಾ ಹೇಳಿದರು. ಅವನ ಮುಖದಲ್ಲಿ ನಗು ಬರಲು ನೋಡಿತು, ಬರಲಿಲ್ಲ. ಕೇಸು ವಾಪಸು ತೆಗೆದುಕೊಳ್ಳಬಹುದೇ ಎಂದ. ನ್ಯಾಯಾಲಯದ ಅನುಮತಿ ಬೇಕು, ಅರ್ಜಿ ಕೊಡಬಹುದು ಎಂದು ಸುನೀತಾ ಹೇಳಿದರು.

ನಿಂಗರಾಜನನ್ನು ಹೊರಗೆ ತಂದು ಮುಖ್ತಾರ್ ಕೂತಿದ್ದ ಬೆಂಚಿನ ಮೇಲೆ ಕೂರಿಸಿದರು. ಇಬ್ಬರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗವಿತ್ತು.

"ಮೇಡಂ," ನಿಂಗರಾಜ್ ಕೇಳಿದ, "ವಾಚು ಕದ್ದಿದ್ದಕ್ಕೆ ಸೆಕ್ಷನ್ ಹಾಕಿದ್ರಿ. ಇವ್ನು ನೀರಾಗೆ ಇದ್ದಾಗ ಹಗ್ಗ ಬಿಟ್ಟೆನಲ್ಲ. ಅದಕ್ಕೆ ಯಾವ ಸೆಕ್ಷನ್ ಐತೆ?"

ಹಗ್ಗ ಬಿಟ್ಟಿದ್ದಕ್ಕೆಂದೇ ಬರೆದ ಕಲಂ ಇಲ್ಲ ಎಂದರು ಸುನೀತಾ.

ಆಗ ಅವನು ಮುಖ್ತಾರನ ಕಡೆ ಬಾಗಿ, ತಗ್ಗಿದ ದನಿಯಲ್ಲಿ, ನೆಲ ನೋಡುತ್ತಾ ಏನೋ ಹೇಳಿದ. ಅವನು ಕೂತಿದ್ದು ಮುಖ್ತಾರನ ಎಡಕ್ಕೆ. ಮುಖ್ತಾರನ ಮುಖದಲ್ಲಿ ಏನೂ ಬದಲಾಗಲಿಲ್ಲ. ತುಟಿ ಆಡಿದ್ದು ಕಂಡಿತೋ ಏನೋ, ಎದ್ದು ಬೆಂಚಿನ ಆ ತುದಿಗೆ ಹೋಗಿ, ಬಲಗಿವಿ ಅವನ ಕಡೆಗೆ ಬರುವಂತೆ ಕೂತ.

"ಆ ಕಡೆ ಕೇಳಂಗಿಲ್ಲ ನಂಗೆ. ಈ ಕಡೆ ಹೇಳು," ಎಂದ.

ನಿಂಗರಾಜನಿಗೆ ಎರಡನೇ ಸಲ ಹೇಳಲಾಗಲಿಲ್ಲ. ಬೇಡಿ ಹಾಕಿದ ಕೈಯನ್ನು ಮುಂದೆ ಚಾಚಿ, ಮುಖ್ತಾರನ ಅಂಗಿಯ ಚುಂಗನ್ನು ಹಿಡಿದು ಎರಡು ಸಲ ಜಗ್ಗಿದ.

ಮುಖ್ತಾರ್ ತಲೆ ತಗ್ಗಿಸಿ ಆ ಚುಂಗನ್ನೇ ನೋಡಿದ. ಸಮಯವಾಯಿತೆಂದು ಕಾನ್‌ಸ್ಟೆಬಲ್ ಬಂದು ನಿಂಗರಾಜನನ್ನು ಎಬ್ಬಿಸಿದ.

ಅಂದಿನ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಸುನೀತಾ 'ಮತ್ಸರ' ಎಂದು ಬರೆದರು. ಅದರ ಕೆಳಗೆ, ಎಫ್‌ಐಆರ್‌ನಲ್ಲಿ ಬಿಟ್ಟುಹೋಗಿದ್ದ ಒಂದು ವಾಕ್ಯವನ್ನು ದೂರುದಾರನ ಪುನರ್ ಹೇಳಿಕೆಯೆಂದು ಸೇರಿಸಿದರು: ನೀರಿನೊಳಗಿಂದ ಒಂದು ಸಲ ಹಗ್ಗ ಜಗ್ಗಿದ್ದು, ದಡದಿಂದ ಉತ್ತರ ಬಂದಿರುವುದಿಲ್ಲ.